ಅಂಗಿಗೆ ಬರೆದ ಚೀಟಿ

ತಳಕಿನಲ್ಲಿ ಕ್ಲಿನಿಕ್ ತೆರೆದ ಮೊದಲ ಎರಡು ವರ್ಷ ನಾನು ಔಷಧಿ ಬರೆದ ಎಷ್ಟೋ ಮಕ್ಕಳ ಮುಖವನ್ನೇ ನೋಡಿರಲಿಲ್ಲ. ಬೇರೆ ಕಡೆಯವರಿಗೆ ಇದು ತಮಾಷೆ ಅನ್ನಿಸಬಹುದು, ನಮ್ಮ ಕಡೆ ಮಾಮೂಲು. ಕೆಮ್ಮುವ ಮಗುವನ್ನು ಬಸ್ಸಿನಲ್ಲಿ ತಂದರೆ ಗಾಳಿ ಬಡಿಯುತ್ತದೆ, ದಾರಿಯಲ್ಲಿ ಯಾರದಾದರೂ ಕಣ್ಣು ಬೀಳುತ್ತದೆ ಎಂದು ಮಗುವನ್ನು ಮನೆಯಲ್ಲೇ ಮಲಗಿಸಿ ಅಜ್ಜಿಯೋ ಅಪ್ಪನೋ ಬರುತ್ತಿದ್ದರು. ಅಂಗಡಿಯಲ್ಲಿ ಬೆಲ್ಲ, ಬೀಜ, ಹಗ್ಗ ಕೊಂಡು, ಚೀಲ ನನ್ನ ಬಾಗಿಲಲ್ಲಿಟ್ಟು, ಮನೆಯಲ್ಲಿರುವ ಮಗುವಿನ ಕಾಯಿಲೆ ಹೇಳುತ್ತಿದ್ದರು. ನಾನು ಕೇಳಿಸಿಕೊಂಡು ಬರೆಯುತ್ತಿದ್ದೆ.

ನಾನು ಹುಟ್ಟಿ ಬೆಳೆದದ್ದು ಚಳ್ಳಕೆರೆಯಲ್ಲಿ, ಈಗಲೂ ಇರುವುದು ಅಲ್ಲೇ. ಮನೆಯೊಳಗೆ ಉರ್ದು, ಹೊಸಿಲು ದಾಟಿದರೆ ಕನ್ನಡ. ಅಪ್ಪ ಲಾರಿ ಮೆಕ್ಯಾನಿಕ್. ನಾನು ಮಕ್ಕಳ ತಜ್ಞೆಯೇನಲ್ಲ. ಜ್ವರ, ಚೇಳು ಕಡಿತ, ಮಂಡಿ ನೋವು, ಬಸಿರು, ಎಲ್ಲವನ್ನೂ ನೋಡುವ ಸಾದಾ ಡಾಕ್ಟರು. ಗೊಬ್ಬರದ ಅಂಗಡಿಯ ಹಿಂದಿನ ಎರಡು ಕೋಣೆ, ರಕ್ತದೊತ್ತಡ ನೋಡಿ ಚೀಟಿ ಎತ್ತಿಡಲು ತಳಕಿನ ಒಬ್ಬ ಹೆಂಗಸು, ಇಷ್ಟೇ ನನ್ನ ಆಸ್ಪತ್ರೆ. ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಚಿಕ್ಕಂದಿನಿಂದ ಬೈಯುತ್ತಿದ್ದಳು. ಆ ಕೋಪ ಕಾಲೇಜಿನಲ್ಲೂ ಇಳಿಯಲಿಲ್ಲ, ಕ್ಲಿನಿಕ್ಕಿನಲ್ಲೂ ಇಳಿಯಲಿಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ಕೊಂಡ್ಲಹಳ್ಳಿ ಕಡೆಯಿಂದ ಒಬ್ಬ ಅಜ್ಜಿ ಬಂದರು. ರೇಷ್ಮೆ ಸೀರೆ ನೇಯುವ ಮನೆ ಅವರದು. ಗಂಡ ಮಗ್ಗದ ಮೇಲೆ ಕೂರುತ್ತಿದ್ದರು, ಇವರು ರಾಟೆಯಲ್ಲಿ ನೂಲು ಸುತ್ತಿ ಕೊಡುತ್ತಿದ್ದರು. ಮಗ ಹೊರ ಊರಿನಲ್ಲಿ ಲಾರಿ ಓಡಿಸುತ್ತಿದ್ದ, ಸೊಸೆ ಹೊಲದ ಕೂಲಿಗೆ ಹೋಗುತ್ತಿದ್ದಳು, ಹನ್ನೊಂದು ತಿಂಗಳ ಮೊಮ್ಮಗಳು ಅಜ್ಜಿಯ ಪಾಲು. ಮನೆಯಲ್ಲಿ ತೆಲುಗು ಆಡುವ ಜನ, ಮಗುವನ್ನು ‘ಬಿಡ್ಡ’ ಎಂದೇ ಕರೆಯುತ್ತಿದ್ದರು. ಬಿಡ್ಡನಿಗೆ ಎರಡು ದಿನದಿಂದ ಕೆಮ್ಮು ಎಂದರು. ಮಗು ಎಲ್ಲಿ ಎಂದು ಕೇಳಿದೆ. ಅಜ್ಜಿ ಚೀಲದೊಳಗಿಂದ ಮಡಿಸಿದ ಹಳದಿ ಅಂಗಿಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು.

“ಮಗು ಬರಂಗಿಲ್ಲ ಡಾಕ್ಟ್ರಮ್ಮ, ಗಾಳಿ ಐತೆ. ಅಂಗಿ ತಂದೀನಿ.”

ಅವರ ಊರಿನಲ್ಲಿ ಮಗುವಿಗೆ ದೃಷ್ಟಿಯಾದರೆ, ಮೈ ಬೆಚ್ಚಗಾದರೆ, ಅದು ತೊಟ್ಟು ಬಿಚ್ಚಿದ ಅಂಗಿಯನ್ನು ಮಂತ್ರ ಹಾಕುವವರ ಹತ್ತಿರ ಒಯ್ಯುತ್ತಾರೆ. ಅವರು ಅದರ ಮೇಲೆ ಊದಿ ಕೊಡುತ್ತಾರೆ. ಮನೆಗೆ ತಂದು ಮಗುವಿಗೆ ತೊಡಿಸಿದರೆ ಆಯಿತು. ನಮ್ಮವರೂ ದರ್ಗಾಕ್ಕೆ ಹೀಗೆ ಅಂಗಿ ಒಯ್ಯುವುದುಂಟು. ನನ್ನದೇ ಒಂದು ಅಂಗಿಯನ್ನು ಅಮ್ಮ ಒಯ್ದಿದ್ದಳಂತೆ. ಹಾಗಾಗಿ ನನಗೆ ಆಶ್ಚರ್ಯವಾಗಲಿಲ್ಲ, ನಗು ಬಂತು. ನನ್ನ ಸಹಾಯಕಿಯೂ ನಕ್ಕಳು.

ಮೂರು ಪ್ರಶ್ನೆ ಕೇಳಿದೆ. ಹಾಲು ಕುಡಿಯುತ್ತದಾ? ಕುಡಿಯುತ್ತದೆ. ಜ್ವರ? ಮೈ ಬೆಚ್ಚಗಿದೆ. ಉಸಿರಾಟ ಹೇಗಿದೆ? ಆಡುತ್ತಿದೆ ಎಂದರು. ಉಸಿರಾಡುವ ಮಗುವಿನ ಬಗ್ಗೆ ಇನ್ನೇನು ಹೇಳಬೇಕು ಪಾಪ. ಹೊರಗೆ ಹತ್ತು ಜನ ಕಾಯುತ್ತಿದ್ದರು. ಕೆಮ್ಮಿಗೆ ಒಂದು, ಜ್ವರಕ್ಕೆ ಒಂದು ಬರೆದುಕೊಟ್ಟೆ. ಅಜ್ಜಿ ಚೀಟಿಯನ್ನು ಅಂಗಿಯೊಳಗಿಟ್ಟು ಮಡಿಸಿ, ಕಣ್ಣಿಗೊತ್ತಿಕೊಂಡು ಹೋದರು.

ಮೂರನೆಯ ದಿನ ಸಹಾಯಕಿ ಸುದ್ದಿ ತಂದಳು. ಅವಳ ನೆಂಟರು ಅದೇ ಊರಿನವರು. ಮಗುವನ್ನು ಚಳ್ಳಕೆರೆಗೆ ಒಯ್ದು, ಅಲ್ಲಿಂದ ದುರ್ಗದ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರು. ಎರಡೂ ಶ್ವಾಸಕೋಶಕ್ಕೆ ಹಿಡಿದಿದ್ದ ನ್ಯುಮೋನಿಯಾ. ನನ್ನ ಕೆಮ್ಮಿನ ಔಷಧಿಯನ್ನು ಅಜ್ಜಿ ಹೊತ್ತು ತಪ್ಪಿಸದೆ ಕುಡಿಸಿದ್ದರಂತೆ. ಔಷಧಿ ಕೊಟ್ಟಾಗಿದೆ ಎಂಬ ಧೈರ್ಯದ ಮೇಲೆ ಎರಡು ದಿನ ಕಾದಿದ್ದರು. ನಾನು ಏನೂ ಬರೆದುಕೊಡದಿದ್ದರೆ ಅವತ್ತೇ ಹೆದರಿ ಓಡುತ್ತಿದ್ದರೇನೋ.

ಭಾನುವಾರ ದುರ್ಗಕ್ಕೆ ಹೋದೆ. ನನ್ನ ರೋಗಿಯನ್ನು ಮೊದಲ ಸಲ ನೋಡಿದ್ದು ಅಲ್ಲಿ. ಮೂಗಿನಲ್ಲಿ ನಳಿಕೆ, ಕೈಗೆ ಪಟ್ಟಿ, ಬಿಟ್ಟ ಬಾಯಿ. ತಾಯಿ ಮಂಚದ ತುದಿಯಲ್ಲಿ ಕೂತು ನನ್ನನ್ನು ನೋಡಿ ಮಗುವಿನ ಕಡೆಗೆ ತಿರುಗಿಕೊಂಡಳು. ಅಜ್ಜಿ ಮಾತ್ರ ಎದ್ದು ನಿಂತು, ಪಕ್ಕದ ಮಂಚದವರಿಗೂ ಕೇಳುವಂತೆ, ಇವರೇ ನಮ್ಮ ಡಾಕ್ಟ್ರಮ್ಮ, ಬಿಡ್ಡನ್ನ ನೋಡೋಕೆ ತಳಕಿನಿಂದ ಬಂದವ್ರೆ ಎಂದು ಹೆಮ್ಮೆಯಿಂದ ಹೇಳಿದರು. ಅವರು ಉಗಿದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಅಂಗಿಗೆ ಊದುವವನನ್ನು ನೆನೆದು ನಕ್ಕವಳು ನಾನು. ಅವನು ಊದುತ್ತಾನೆ, ನಾನು ಬರೆದಿದ್ದೆ. ಅಷ್ಟೇ ವ್ಯತ್ಯಾಸ.

ಮಗು ಉಳಿಯಿತು. ಆದರೆ ಅಲ್ಲಿನ ಮಕ್ಕಳ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದೆರಡು ವರ್ಷ ಈ ಮಗುವಿಗೆ ನೆಗಡಿ ಬಂದರೂ ಹುಷಾರಾಗಿರಬೇಕು, ಮತ್ತೆ ಹೀಗಾದರೆ ಮೊದಲ ದಿನವೇ ಹಿಡಿಯಬೇಕು, ಮೂರನೆಯ ದಿನಕ್ಕೆ ಬಂದರೆ ತಮ್ಮಿಂದ ಏನೂ ಹೇಳಲಾಗದು ಎಂದರು. ಚಳ್ಳಕೆರೆಯ ಬಸ್ಸು ಹತ್ತಿದಾಗ ನನ್ನ ತಲೆಯಲ್ಲಿ ಅದೊಂದೇ ಮಾತು. ಮುಂದಿನ ಚಳಿಗಾಲ ಬಂದೇ ಬರುತ್ತದೆ. ಆಗ ಆ ಮೊದಲ ದಿನ ನನಗೆ ಗೊತ್ತಾಗುವುದು ಹೇಗೆ?

ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅಪ್ಪನ ಗ್ಯಾರೇಜಿಗೂ ಹೀಗೆ ಬರುವವರಿದ್ದರು. ಲಾರಿಯನ್ನು ಎಲ್ಲೋ ನಿಲ್ಲಿಸಿ ಬಂದು, ಇಂಜಿನ್ ಹೀಗೆ ಸದ್ದು ಮಾಡುತ್ತದೆ, ಏನು ಬದಲಾಯಿಸಲಿ ಎನ್ನುವವರು. ಅವರು ಎಷ್ಟು ಗೋಗರೆದರೂ ಅಪ್ಪ ಬಾಯಿ ಬಿಡುತ್ತಿರಲಿಲ್ಲ. ಪೈಲೇ ಗಾಡಿ ಲಾ, ಮೊದಲು ಗಾಡಿ ತಾ, ಅಷ್ಟೇ ಮಾತು. ನನ್ನ ಕಥೆ ಕೇಳಿ ಕೈ ಒರೆಸಿಕೊಳ್ಳುತ್ತಾ, ಗಾಡಿ ನೋಡದೆ ರಿಪೇರಿ ಹೇಳುವವನು ಮೆಕ್ಯಾನಿಕ್ ಅಲ್ಲ ಬೇಟಿ, ಜ್ಯೋತಿಷಿ ಎಂದ. ಬೈದಂತೆ ಹೇಳಲಿಲ್ಲ. ಸುಮ್ಮನೆ ಹೇಳಿ ಊಟಕ್ಕೆ ಕೂತ.

ಮಾರನೆಯ ದಿನವೇ ಬೋರ್ಡು ಬರೆಸಿದೆ. ಮಗುವನ್ನು ಕರೆತರದೆ ಮಗುವಿಗೆ ಔಷಧಿ ಬರೆಯುವುದಿಲ್ಲ, ಕೆಂಪು ಅಕ್ಷರದಲ್ಲಿ. ಅಂಗಿ ತಂದವರನ್ನು, ತರದೆ ಬಂದವರನ್ನು, ಎಲ್ಲರನ್ನೂ ಗದರಿಸಿ ವಾಪಸ್ಸು ಕಳಿಸಿದೆ. ಒಂದು ತಿಂಗಳಲ್ಲಿ ಮಕ್ಕಳ ವಿಷಯಕ್ಕೆ ನನ್ನಲ್ಲಿಗೆ ಬರುವವರೇ ಇಲ್ಲವಾದರು. ಮಕ್ಕಳಿಗೆ ಕಾಯಿಲೆ ನಿಂತಿತ್ತು ಎಂದಲ್ಲ. ಬೈಕಿನಲ್ಲಿ ಚೀಲ ನೇತುಹಾಕಿಕೊಂಡು ಊರೂರು ಸುತ್ತಿ ಸೂಜಿ ಚುಚ್ಚುವವನೊಬ್ಬನಿದ್ದ. ಓದು ಬಿಟ್ಟರೆ ಅವನಲ್ಲಿ ಎಲ್ಲವೂ ಇತ್ತು. ಅವನು ಮನೆ ಬಾಗಿಲಿಗೇ ಹೋಗುತ್ತಿದ್ದ. ಮಗುವಿಗೆ ಗಾಳಿ ಬಡಿಯುವ ಪ್ರಶ್ನೆಯೇ ಇರಲಿಲ್ಲ.

ನನ್ನ ಸಹಾಯಕಿ ಒಂದು ಮಧ್ಯಾಹ್ನ ಬೋರ್ಡಿನ ಧೂಳು ಒರೆಸುತ್ತಾ, “ನೆಗಡಿ ಬಂತು ಅಂತ ಮೂಗು ಕೊಯ್ಕೊಂಡಂಗಾತು ನೋಡ್ರಿ ಮೇಡಂ” ಎಂದಳು. ಕೋಪ ಬಂತು. ಸಂಜೆ ಬೋರ್ಡು ಇಳಿಸಿದೆ.

ಆಮೇಲೆ ಫೋನಿನ ಉಪಾಯ ಹೊಳೆಯಿತು. ಎಲ್ಲರ ಮನೆಯಲ್ಲೂ ಒಂದು ದೊಡ್ಡ ಫೋನಿದೆ. ಮಗುವಿಗೆ ಕೆಮ್ಮು ಬಂದರೆ ಒಂದು ನಿಮಿಷದ ವಿಡಿಯೋ ಕಳಿಸಿ, ಉಸಿರಾಟ ನೋಡಿ ಹೇಳುತ್ತೇನೆ ಎಂದು ಬಂದವರಿಗೆಲ್ಲ ಸಾರಿದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ವಿಡಿಯೋಗಳು ಬರತೊಡಗಿದವು. ಡಾಕ್ಟ್ರಮ್ಮ ನೋಡುತ್ತಾರೆಂದು ಮಗುವಿಗೆ ಸ್ನಾನ ಮಾಡಿಸಿ, ಮುಖಕ್ಕೆ ಪೌಡರು ಬಳಿದು, ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟು, ಹಬ್ಬದ ಬಟ್ಟೆ ತೊಡಿಸಿ, ಅದರ ಮೇಲೆ ಸ್ವೆಟರು, ತಲೆಗೆ ಕುಲಾವಿ. ‘ಟಾಟಾ ಮಾಡು, ಡಾಕ್ಟರ್ ಆಂಟಿಗೆ ಟಾಟಾ ಮಾಡು’ ಎಂದು ಹಿಂದಿನಿಂದ ದನಿ. ಹಳದಿ ಅಂಗಿಯ ಅಜ್ಜಿಯ ಮನೆಯವರಂತೂ ಮಗ್ಗದಿಂದ ಆಗತಾನೆ ಇಳಿಸಿದ ರೇಷ್ಮೆ ಸೀರೆಯನ್ನು ಗೋಡೆಗೆ ಇಳಿಬಿಟ್ಟು ಅದರ ಮುಂದೆ ಮಗುವನ್ನು ಕೂರಿಸಿದ್ದರು. ಹಸಿರು ಒಡಲು, ಕುಂಕುಮದ ಅಂಚು. ಸೀರೆ ಬಹಳ ಚೆನ್ನಾಗಿತ್ತು. ಉಸಿರು ಕಾಣಲಿಲ್ಲ.

ಅಂಗಿ ಎತ್ತಿ ಎದೆ ತೋರಿಸಬೇಕು ಎಂದು ಫೋನು ಮಾಡಿ ಹೇಳಿದರೆ ಅಜ್ಜಿ ಸುತರಾಂ ಒಪ್ಪಲಿಲ್ಲ. ಬರಿಮೈಯ ಮಗುವನ್ನು ಫೋನಿಗೆ ಹಾಕಿದರೆ ಅದು ಯಾರ್ಯಾರ ಕೈಗೆ ಹೋಗಿ ಎಷ್ಟು ಜನರ ಕಣ್ಣು ಬೀಳುತ್ತದೋ ಎಂದರು. ನಾನು ರೇಗಿದೆ. ಆಮೇಲೆ ಯೋಚಿಸಿದರೆ ಫೋನಿನ ವಿಷಯದಲ್ಲಿ ಅವರ ಮಾತೇ ಸರಿ. ಅಲ್ಲಿಗೆ ಆ ಉಪಾಯವೂ ಹೋಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ನನಗೆ ಕೆಟ್ಟ ಮೇಲೂ ಬುದ್ಧಿ ಕಂತಿನಲ್ಲಿ ಬಂತು.

ಕೊನೆಗೆ ನಾನೇ ಹೊರಟೆ. ಹದಿನೈದು ದಿನಕ್ಕೊಮ್ಮೆ ಗುರುವಾರ ಮಧ್ಯಾಹ್ನ ಕ್ಲಿನಿಕ್ ಮುಚ್ಚಿ, ಸ್ಕೂಟರಿನಲ್ಲಿ ಸಹಾಯಕಿಯನ್ನು ಕೂರಿಸಿಕೊಂಡು ಒಂದೊಂದು ಊರಿಗೆ. ಕಾಯಿಲೆಯ ಮಕ್ಕಳನ್ನಲ್ಲ, ಚೆನ್ನಾಗಿರುವವನ್ನು ನೋಡುವುದಕ್ಕೆ. ಜನ ನಕ್ಕರು. ಚೆನ್ನಾಗಿರುವ ಮಗುವನ್ನು ಯಾರಾದರೂ ಡಾಕ್ಟರಿಗೆ ತೋರಿಸುತ್ತಾರಾ, ಇಲ್ಲದ ರೋಗ ಹಚ್ಚಿಕೊಳ್ಳುವುದಕ್ಕಾ ಎಂದರು. ಮನೆಗೇ ಬಂದವಳನ್ನು ಹೊರಗೆ ಹಾಕುವಂತಿಲ್ಲ. ಬೈದುಕೊಂಡೇ ಚಾಪೆ ಹಾಸಿದರು, ಚಹಾ ಕೊಟ್ಟರು, ಮಕ್ಕಳನ್ನು ತಂದು ಮಡಿಲಿಗೆ ಹಾಕಿದರು.

ಮೊದಲ ಗುರುವಾರ ಹೋದದ್ದು ಬಿಡ್ಡನ ಅಜ್ಜಿಯ ಮನೆಗೇ. ಮಗ್ಗದ ಕೋಣೆಯ ಕಿಟಕಿ ಮುಚ್ಚಿಯೇ ಇರುತ್ತದೆ, ರೇಷ್ಮೆ ಎಳೆಗೆ ಗಾಳಿ ಆಗದು. ಮಗುವಿಗೂ ಗಾಳಿ ಆಗದು ಎಂದು ಅದರ ತೊಟ್ಟಿಲೂ ಅಲ್ಲೇ. ಅಜ್ಜ ಮಗ್ಗದ ಕೆಳಗಿನ ಗುಂಡಿಯೊಳಗೆ ಕಾಲಿಳಿಸಿ ನೇಯುತ್ತಿದ್ದರು. ಲಾಳಿ ಅತ್ತಿಂದಿತ್ತ ಓಡುವುದು, ಎಳೆಯನ್ನು ಬಿಗಿ ಮಾಡುವ ಹಲಗೆ ದಡ್ ಎಂದು ಬಡಿಯುವುದು. ಆ ಸದ್ದಿನಲ್ಲಿ ಮಗು ನಿದ್ದೆ ಮಾಡುತ್ತಿತ್ತು. ಸದ್ದು ನಿಂತರೆ ಎಚ್ಚರವಾಗುತ್ತದೆ, ಅದಕ್ಕೇ ಅಜ್ಜ ಉಚ್ಚೆಗೆ ಏಳುವುದಕ್ಕೂ ತನ್ನನ್ನು ಕೇಳಬೇಕು ಎಂದು ಅಜ್ಜಿ ನಕ್ಕರು.

ಮಗುವಿನ ಅಂಗಿ ಮೇಲೆತ್ತಿ, ಗಡಿಯಾರ ಹಿಡಿದು, ಒಂದು ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಿ ತೋರಿಸಿದೆ. ಇಷ್ಟಿದ್ದರೆ ಸರಿ, ಇಷ್ಟು ದಾಟಿದರೆ, ಪಕ್ಕೆ ಒಳಕ್ಕೆ ಎಳೆದರೆ, ಆ ಗಳಿಗೆಯೇ ನನಗೆ ಫೋನು ಮಾಡಿ ಎಂದೆ. ಈಗ ನೀವು ಎಣಿಸಿ ಎಂದೆ. ಅಜ್ಜಿ ಫೋನಿನ ಸೆಕೆಂಡು ನೋಡಿದರೆ ಉಸಿರು ತಪ್ಪುತ್ತಿತ್ತು, ಉಸಿರು ನೋಡಿದರೆ ಸೆಕೆಂಡು ಓಡುತ್ತಿತ್ತು. ಕನ್ನಡದಲ್ಲಿ ಶುರುವಾದ ಎಣಿಕೆ ಇಪ್ಪತ್ತರ ಹೊತ್ತಿಗೆ ತೆಲುಗಿಗೆ ತಿರುಗಿ ಎಲ್ಲೋ ಕಳೆದುಹೋಗುತ್ತಿತ್ತು. ಮೂರು ಸಲ ಮಾಡಿಸಿದೆ. ನಾಲ್ಕನೆಯದಕ್ಕೆ ನನ್ನ ತಾಳ್ಮೆ ಮುಗಿಯಿತು.

“ಹೋಗ್ಲಿ ಬಿಡ್ರಿ, ಎಣಿಸಬೇಡ್ರಿ. ಚೆನ್ನಾಗಿರೋವಾಗ ಉಸಿರು ಹೆಂಗೈತೆ ಅಂತ ದಿನಾ ಅಂಗಿ ಎತ್ತಿ ನೋಡಿಟ್ಕೊಳ್ರಿ. ಹಂಗಿಲ್ಲ ಅನ್ನಿಸಿದ ದಿನ ಹೇಳ್ರಿ” ಎಂದೆ.

ಅಜ್ಜಿ ಮಗುವಿನ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತಿದ್ದರು. ಬೇಸರವಾಯಿತು ಎಂದುಕೊಂಡೆ. ಸ್ಕೂಟರು ಹತ್ತುವಾಗ, ಬೆಟ್ಟ ಅಗೆದು ಇಲಿಯನ್ನೂ ಹಿಡಿಯಲಿಲ್ಲ ಎಂದು ಸಹಾಯಕಿಗೆ ಹೇಳಿದೆ. ಮನೆಯಲ್ಲಿ ಅಪ್ಪ ಮಾತ್ರ, ಸರಿಯಾಗಿಯೇ ಹೇಳಿದ್ದೀಯ, ಚೆನ್ನಾಗಿರುವ ಇಂಜಿನ್ನಿನ ಸದ್ದು ಗೊತ್ತಿಲ್ಲದವನಿಗೆ ಕೆಟ್ಟ ಸದ್ದು ಏನು ತಿಳಿಯುತ್ತದೆ ಎಂದ. ನನಗೆ ಸಮಾಧಾನ ಮಾಡುತ್ತಿದ್ದಾನೆ ಅನ್ನಿಸಿತು.

ಆ ವರ್ಷ ಸಣ್ಣಪುಟ್ಟದ್ದು ಇನ್ನೂ ಕೆಲವು ಬದಲಾಯಿಸಿದೆ. ಬೆಳಗಿನ ಮೊದಲ ಒಂದು ಗಂಟೆ ಮಕ್ಕಳಿಗೆ ಮಾತ್ರ, ದೊಡ್ಡವರ ಕೆಮ್ಮಿನ ನಡುವೆ ಅವು ಕಾಯುವುದು ಬೇಡ ಎಂದು. ಮಗುವಿಲ್ಲದೆ ಬಂದವರಿಗೆ ಗದರಿಕೆ ಇಲ್ಲ. ಅಲ್ಲಿಂದಲೇ ಅವರ ಮನೆಗೆ ಫೋನು ಹಚ್ಚಿ, ಮಗುವಿನ ಹತ್ತಿರ ಇರುವವರಿಂದ ಅಂಗಿ ಎತ್ತಿಸಿ ನೋಡಿಸುವುದು. ಅನುಮಾನ ಬಂದರೆ ಮಗುವನ್ನು ತರಿಸುವುದು, ಇಲ್ಲವೇ ನಾನೇ ಹೋಗುವುದು. ಏನೂ ಇಲ್ಲದ್ದಕ್ಕೂ ಎಷ್ಟೋ ಸಲ ಓಡಿದ್ದೇನೆ, ಬೈದುಕೊಂಡು ಬಂದಿದ್ದೇನೆ. ಸೂಜಿಯವನ ಬೈಕು ಈಗಲೂ ಓಡಾಡುತ್ತದೆ. ಎಲ್ಲವೂ ನೆಟ್ಟಗಾಯಿತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಮತ್ತೆ ಚಳಿಗಾಲ ಬಂತು. ಮಗುವಿಗೆ ಎರಡು ತುಂಬುವುದರಲ್ಲಿತ್ತು. ಪ್ರತಿ ಬೆಳಿಗ್ಗೆ ಚಳ್ಳಕೆರೆಯಿಂದ ಹೊರಟು ತಳಕು ಮುಟ್ಟುವವರೆಗೆ, ಇವತ್ತೇ ಆ ದಿನವಿರಬಹುದಾ ಎಂಬ ಯೋಚನೆ ಬಂದು ಹೋಗುತ್ತಿತ್ತು. ಅದು ನಿಜವಾಗಿ ಬಂದ ದಿನ ಮಾತ್ರ ನಾನು ಯಾರೋ ಸಕ್ಕರೆ ಕಾಯಿಲೆಯವರ ಮೇಲೆ ರೇಗುತ್ತಿದ್ದೆ. ಮಧ್ಯಾಹ್ನ ಹನ್ನೆರಡರ ಹೊತ್ತು. ಫೋನು ಬಂತು. ಅಜ್ಜಿಯ ದನಿ, ಅದರ ಹಿಂದೆ ಮಗ್ಗದ ಸದ್ದು.

“ಡಾಕ್ಟ್ರಮ್ಮ, ಬಿಡ್ಡನ ಉಸಿರು ಮಗ್ಗದ ಜೊತೆ ಬರ್ತಿಲ್ಲ.”

ನನಗೆ ಅರ್ಥವಾಗಲಿಲ್ಲ. ಏನು ಹೇಳುತ್ತಿದ್ದೀರಿ, ಬಿಡಿಸಿ ಹೇಳಿ ಎಂದೆ. ಅವರು ನಿಧಾನವಾಗಿ, ದಡ್ಡಿಗೆ ಹೇಳುವಂತೆ ಹೇಳಿದರು. ನೋಡಿಟ್ಟುಕೊಳ್ಳಿ ಎಂದಿದ್ದೆನಲ್ಲ, ಅವರು ಆವತ್ತಿನಿಂದ ದಿನವೂ ನೋಡುತ್ತಿದ್ದರು. ಮಗು ಚೆನ್ನಾಗಿದ್ದು ಮಲಗಿರುವಾಗ ಹಲಗೆಯ ಏಟೊಂದಕ್ಕೆ ಉಸಿರೊಂದು, ಹೆಚ್ಚುಕಡಿಮೆ ಜೊತೆಯಲ್ಲೇ ಹೋಗುತ್ತದೆ. ಬುಟ್ಟಾದ ಹೂವು, ಸೆರಗು ನೇಯುವಾಗ ಕೈ ತಡೆಯುತ್ತದೆ, ಆಗ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೇ ಇವತ್ತು ಮಗು ಕೆಮ್ಮಿದ ಕೂಡಲೇ ಅಜ್ಜನಿಗೆ ಬುಟ್ಟಾ ಬಿಡು, ಬರೀ ಒಡಲು ನೇಯಿ ಎಂದು ಕೂರಿಸಿ, ಅಂಗಿ ಬಿಚ್ಚಿ ನೋಡಿದ್ದರು. “ಹಲಗೆ ಒಂದ್ಸಲ ಬಡಿಯೋದ್ರೊಳಗೆ ಎರಡು ಸಲ ಹೋಗ್ತೈತೆ. ಪಕ್ಕೆನೂ ಎಳೀತೈತೆ.”

ಫೋನು ಮಗ್ಗದ ಹತ್ತಿರ ಹಿಡಿಯಿರಿ ಎಂದೆ. ಎದುರಿಗೆ ಕೂತ ರೋಗಿಗೆ ಕೈಸನ್ನೆ ಮಾಡಿ, ನನ್ನ ಗಡಿಯಾರ ನೋಡುತ್ತಾ, ಆ ಮನೆಯ ಹಲಗೆಯ ಏಟುಗಳನ್ನು ಇಲ್ಲಿಂದ ಎಣಿಸಿದೆ. ಒಂದು ನಿಮಿಷಕ್ಕೆ ಮೂವತ್ತಮೂರು. ಒಡಲು ನೇಯುವ ಕೈ ಒಂದು ಏಟೂ ತಪ್ಪಲಿಲ್ಲ. ಎರಡರಿಂದ ಗುಣಿಸಿದೆ. ಅರವತ್ತು ದಾಟಿತು, ಈ ವಯಸ್ಸಿಗೆ ನಲವತ್ತೇ ಹೆಚ್ಚು. ಕೆಮ್ಮು ಯಾವಾಗಿನಿಂದ ಎಂದು ಕೇಳಿದೆ. ನಿನ್ನೆ ಸಂಜೆಯಿಂದ ಎಂದರು. ಮೊದಲ ದಿನ.

ಮಗ್ಗ ನಿಲ್ಲಿಸಿ, ಸಿಕ್ಕ ಗಾಡಿ ಹತ್ತಿ ಈಗಲೇ ಬನ್ನಿ ಎಂದೆ. ಬಟ್ಟೆ ಬದಲಾಯಿಸುತ್ತಾ ಕೂರಬೇಡಿ ಎಂದೂ ಹೇಳಿದೆ. ಆಂಬ್ಯುಲೆನ್ಸಿಗೆ ಫೋನು ಮಾಡಿ ತಳಕಿಗೆ ಕರೆಸಿದೆ. ಸಹಾಯಕಿ ಆಕ್ಸಿಜನ್ ಸಿಲಿಂಡರನ್ನು ಎಳೆದು ಮುಂದಕ್ಕಿಟ್ಟಳು. ಮುಕ್ಕಾಲು ಗಂಟೆ ನಾನು ರಸ್ತೆ ಬದಿಯಲ್ಲಿ ನಿಂತಿದ್ದೆ. ಕಾಯುತ್ತಿದ್ದ ರೋಗಿಗಳೂ ಗೊಣಗದೆ ಹೊರಬಂದು ನನ್ನ ಜೊತೆ ರಸ್ತೆ ನೋಡುತ್ತಾ ನಿಂತರು. ಇಷ್ಟೆಲ್ಲ ಮಾಡಿಯೂ ದಾರಿಯಲ್ಲೇ ಏನಾದರೂ ಆದರೆ ಎಂದು ನನಗೆ ತುಂಬ ಭಯವಾಗಿತ್ತು.

ಮಗು ಈ ಸಲ ಮೂರನೆಯ ದಿನಕ್ಕೆ ಚಳ್ಳಕೆರೆಯಿಂದಲೇ ಮನೆಗೆ ಹೋಯಿತು, ದುರ್ಗದವರೆಗೆ ಹೋಗಬೇಕಾಗಲಿಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ. ಆದರೆ ಆ ದಿನವೆಂದರೆ ನನಗೆ ನೆನಪಾಗುವುದು ಆ ಗೂಡ್ಸ್ ಆಟೋ. ಅದು ಗೊಬ್ಬರದ ಅಂಗಡಿಯ ಮುಂದೆ ನಿಂತಿತು. ಹಿಂದಿನಿಂದ ಅಜ್ಜಿ ಇಳಿದರು. ಸೆರಗಿನೊಳಗೆ ಬರಿಮೈಯ ಮಗು, ತಲೆಗೆ ಕುಲಾವಿ ಇಲ್ಲ, ಮುಖಕ್ಕೆ ಪೌಡರಿಲ್ಲ, ಕೆನ್ನೆಯ ಮೇಲೆ ಬೊಟ್ಟೂ ಇಲ್ಲ. ಅಷ್ಟು ಜನರ ನಡುವೆ ಸೆರಗು ಸರಿಸಿ ಎದೆ ತೋರಿಸಿದರು. ಪಕ್ಕೆ ಒಳಕ್ಕೆ ಎಳೆಯುತ್ತಿತ್ತು. ನನ್ನ ಕೈಗೆ ಕೊಡುತ್ತಾ, ತಪ್ಪು ಮಾಡಿದವರಂತೆ ಹೇಳಿದರು:

“ಅವಸರದಾಗೆ ಅಂಗಿ ಅಲ್ಲೇ ಉಳೀತು ಡಾಕ್ಟ್ರಮ್ಮ. ಮಗೂನ ತಂದೀನಿ.”